ಅಗಸ, ಅರಸ, ಗರಗಸ

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬನ್ನಿ. ಕುರ್ಚಿ ಹುಡುಕಬೇಡಿ, ಮೇಡಂ ಕೂಡ ನೆಲದ ಮೇಲೇ ಕೂತಿದ್ದಾರೆ. ಬಾಗಿಲ ಪಕ್ಕ ಚಾಪೆಯ ಅಂಚಿನಲ್ಲಿ ಜಾಗವಿದೆ.

ಇದು ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ನಲಿಕಲಿ ಕೋಣೆ. ಬೆಳಗಿನ ಹಾಲು ಕುಡಿದು ಲೋಟ ತೊಳೆದಿಟ್ಟ ಹೊತ್ತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಟ್ಟಿಗೇ, ಐದು ಗುಂಪಾಗಿ, ದುಂಡಗೆ ಕೂತಿದ್ದಾರೆ. ಈ ಗುಂಪುಗಳಿಗೆ ಇಲ್ಲಿ ತಟ್ಟೆ ಅಂತ ಹೆಸರು. ತಲೆಯ ಮೇಲೆ ಗೋಡೆಯಿಂದ ಗೋಡೆಗೆ ಕಟ್ಟಿದ ದಾರದ ಚಪ್ಪರ. ಅದರಲ್ಲಿ ಮಕ್ಕಳು ಬಿಡಿಸಿದ ಚಿತ್ರಗಳು ತೂಗಾಡುತ್ತಿವೆ. ಗೋಡೆಯ ಕೆಳಭಾಗಕ್ಕೆ ಸುತ್ತಲೂ ಕಪ್ಪು ಬಣ್ಣ ಬಳಿದಿದೆ, ಆರು ವರ್ಷದ ಮಗುವಿನ ಕೈಗೆ ಎಟುಕುವಷ್ಟು ಎತ್ತರಕ್ಕೆ.

ಮೊದಲು ಕಿವಿಗೆ ಬಡಿಯುವುದು ಗದ್ದಲ. ನಾವೆಲ್ಲ ‘ಅರ್ಥ ಆಯ್ತಾ?’ ಅಂದರೆ ‘ಆಯ್ತು ಮಿಸ್’ ಎಂದು ರಾಗ ಎಳೆದು ಬೆಳೆದವರು. ಆ ರಾಗದಲ್ಲಿ ಯಾರಿಗೆ ಅರ್ಥವಾಯಿತು, ಯಾರು ಬರೀ ಬಾಯಿ ಆಡಿಸಿದರು ಅನ್ನುವುದು ಯಾವ ಮೇಷ್ಟ್ರಿಗೂ ತಿಳಿಯುತ್ತಿರಲಿಲ್ಲ. ಈ ಗದ್ದಲ ಬೇರೆ ಥರದ್ದು. ಸ್ವಲ್ಪ ಹೊತ್ತು ಕಿವಿಗೊಟ್ಟರೆ ಒಂದೊಂದೇ ದನಿ ಬೇರೆಯಾಗಿ ಕೇಳತೊಡಗುತ್ತದೆ.

ನಿಮ್ಮ ಮೊಣಕಾಲ ಹತ್ತಿರದ ತಟ್ಟೆಯನ್ನೇ ನೋಡಿ. ಇಲ್ಲಿ ಮೇಡಂ ಇಲ್ಲ. ಮೊದಲ ತಟ್ಟೆಯಲ್ಲಿ ಅವರು ಪೂರ್ತಿ ಜೊತೆಗಿರುತ್ತಾರೆ, ಎರಡನೆಯದಕ್ಕೆ ಆಗಾಗ ಬಂದು ಹೋಗುತ್ತಾರೆ, ಮೂರು ಮತ್ತು ನಾಲ್ಕರಲ್ಲಿ ಗೆಳೆಯರೇ ಹೇಳಿಕೊಡಬೇಕು, ಐದರಲ್ಲಿ ಮಗು ತಾನೇ ಕಲಿಯಬೇಕು. ಇದು ಗೆಳೆಯರ ತಟ್ಟೆ. ನಾಲ್ಕು ಮಕ್ಕಳ ನಡುವೆ ಎರಡೇ ಕಟ್ಟು ಅಕ್ಷರದ ಕಾರ್ಡು: ರ, ಗ, ಸ, ದ, ಅ. ನಲಿಕಲಿಯಲ್ಲಿ ಓದು ಶುರುವಾಗುವುದೇ ಈ ಐದರಿಂದ. ಕಾಗುಣಿತ ಬೇಡ, ಒತ್ತಕ್ಷರ ಬೇಡ, ಮೊದಲ ವಾರಗಳಲ್ಲೇ ಮಗುವಿನ ಕೈಯಲ್ಲಿ ಪದಗಳು ಹುಟ್ಟುತ್ತವೆ.

ಹಸಿರು ರಿಬ್ಬನ್ನಿನ ಹುಡುಗಿ ಎರಡನೇ ತರಗತಿಯವಳು, ಇವರಿಗೆಲ್ಲ ಅಕ್ಕ. ಪುಟ್ಟ ಹುಡುಗನಿಂದ ‘ಸರ’ ಮಾಡಿಸಿದಳು. ಅವನು ಕತ್ತು ಮುಟ್ಟಿ ತೋರಿಸಿದ. ‘ಅಗಸ’ ಆಯಿತು, ‘ಅರಸ’ ಆಯಿತು. ಈಗ ‘ಗರಗಸ’. ಗ ಇಟ್ಟಳು, ರ ಇಟ್ಟಳು, ಕೈ ನಿಂತಿತು. ಇನ್ನೊಂದು ಗ ಬೇಕು. ಅದಿರುವುದು ಎದುರಿಗೆ ಕೂತವನ ಮುಷ್ಟಿಯಲ್ಲಿ.

‘ಗ ಕೊಡೋ.’

ಅವನು ಮಾತಾಡಲಿಲ್ಲ. ಆದಿವಾಸಿ ಹಾಡಿಯಿಂದ ಬರುವ ಹುಡುಗ, ಮನೆಮಾತು ಜೇನು ಕುರುಬರ ನುಡಿ. ಶಾಲೆಯ ಕನ್ನಡ ಅವನಿಗೆ ಗೊತ್ತು, ಆದರೆ ಬಾಯಿಗೆ ಬರುವುದಿಲ್ಲ.

‘ಕೊಡೋ, ಆಮೇಲೆ ವಾಪಸ್ ಕೊಡ್ತೀನಿ ಕಣೋ.’

ಕೊಟ್ಟ. ಕೊಟ್ಟು, ಕೈ ಚಾಚಿ ಅವಳ ಎದುರಿನ ದ ಎತ್ತಿಕೊಂಡ. ಇಬ್ಬರಿಗೆ ಒಂದೇ ಕಟ್ಟು ಕೊಟ್ಟಿರುವುದು ಕಾರ್ಡಿನ ಕೊರತೆಯಿಂದಲ್ಲ, ಬೇಕೆಂದೇ. ತಲೆಗೊಂದು ಕಟ್ಟು ಕೊಟ್ಟಿದ್ದರೆ ನಾಲ್ವರೂ ತಲೆ ತಗ್ಗಿಸಿ ತಂತಮ್ಮದು ಜೋಡಿಸಿಕೊಂಡು ಕೂರುತ್ತಿದ್ದರು. ಕೇಳದೆ ಸಿಗದು ಅಂದಾಗಲೇ ಮಗು ಕೇಳುತ್ತದೆ.

ಪುಟ್ಟ ಹುಡುಗ ಎದುರಿನವನ ಮುಂದಿನ ಸಾಲು ಓದಿದ: ‘ದ, ಸ, ರ... ದಸರ! ಅಂಬಾರಿ ಹೊರ್ತಿತ್ತಲ್ಲ ಅರ್ಜುನ, ಅದು ನಮ್ ಬಳ್ಳೆ ಕ್ಯಾಂಪಿಂದು!’

‘ಅರ್ಜುನ ಸತ್ತೋಯ್ತು’ ಅಂದ ಹಾಡಿಯ ಹುಡುಗ.

ಬೆಳಗಿನಿಂದ ಅವನ ಬಾಯಿಂದ ಬಂದ ಮೊದಲ ಮಾತು ಇದು. 2023ರ ಡಿಸೆಂಬರಿನಲ್ಲಿ ಕಾಡಾನೆಯೊಂದಿಗಿನ ಕಾದಾಟದಲ್ಲಿ ದಸರಾ ಆನೆ ಅರ್ಜುನ ಸತ್ತಾಗ ಈ ಸೀಮೆ ಅತ್ತಿತ್ತು. ಆನೆ ಶಿಬಿರಗಳ ಮಾವುತರು, ಕಾವಾಡಿಗಳಲ್ಲಿ ಎಷ್ಟೋ ಜನ ಜೇನು ಕುರುಬರೇ.

ಮೇಡಂ ಅತ್ತ ಮೊದಲ ತಟ್ಟೆಯಲ್ಲಿದ್ದರೂ ಕಿವಿ ಇತ್ತ ಇತ್ತು. ಎದ್ದು ಬಂದು ಅವನ ಪಕ್ಕ ಕೂತರು. ಈಗ ಗಮನಿಸಿ, ‘ಸತ್ತೋಯ್ತು’ ಅನ್ನುವುದನ್ನು ಅವರು ‘ಸತ್ತುಹೋಯಿತು’ ಎಂದು ತಿದ್ದುವುದಿಲ್ಲ. ತಮಗೇ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳುತ್ತಾರೆ: ‘ಆನೆಗೆ ಸ್ನಾನ ಮಾಡಿಸ್ತಾರಲ್ಲ ಮಗ, ಅದು ಸುಮ್ನೆ ಹೆಂಗೆ ಮಲಗುತ್ತೆ?’

ಮೌನ. ನಿಮಗೇ ಬಾಯಿ ಹಾಕಬೇಕು ಅನ್ನಿಸುತ್ತದೆ, ಹಾಕಬೇಡಿ. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಸಾಮಾನ್ಯವಾಗಿ ಒಂದು ಸೆಕೆಂಡಿಗಿಂತ ಹೆಚ್ಚು ಕಾಯುವುದಿಲ್ಲ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟರು. ಮೂರು ಸೆಕೆಂಡು ಕಾದರೆ ಸಾಕು, ಉತ್ತರ ಉದ್ದವಾಗುತ್ತದೆ, ಸುಮ್ಮನಿರುತ್ತಿದ್ದವರೂ ಮಾತಾಡುತ್ತಾರೆ. ಅವರು ನೋಡಿದ್ದು ವಿಜ್ಞಾನದ ತರಗತಿಗಳನ್ನು. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು ಇರುವ ಮಗುವಿಗೆ ಮೂರು ಸೆಕೆಂಡೂ ಸಾಲದು ಅಂತ ನನ್ನ ನಂಬಿಕೆ. ಮೇಡಂ ಅದಕ್ಕಿಂತ ಹೆಚ್ಚೇ ಕಾಯುತ್ತಾರೆ.

ಹುಡುಗ ಶುರುಮಾಡಿದ. ಅರ್ಧ ಕನ್ನಡ, ಅರ್ಧ ಅವರ ನುಡಿ, ಉಳಿದದ್ದು ಕೈಯಲ್ಲಿ. ಮಾವ ಹೇಳಿದರೆ ಆನೆ ಕೇಳುತ್ತದಂತೆ. ಕಿವಿಯ ಹಿಂದೆ ಉಜ್ಜಿದರೆ ಅದಕ್ಕೆ ಇಷ್ಟವಂತೆ. ಒಂದು ಮಾತು ಮೇಡಂಗೆ ತಿಳಿಯಲಿಲ್ಲ. ಪಕ್ಕದ ತಟ್ಟೆಯಿಂದ ಅದೇ ಹಾಡಿಯ ಹುಡುಗಿ ತಿರುಗಿ, ‘ಕಲ್ಲಲ್ಲಿ ಉಜ್ಜೋದು ಮಿಸ್’ ಅಂದಳು. ಅಷ್ಟರಲ್ಲಿ ಪ್ರಶ್ನೆಗಳು ಮುತ್ತಿಕೊಂಡವು. ಕಚ್ಚಲ್ವಾ? ನೀನು ಮೇಲೆ ಹತ್ತಿದ್ಯಾ? ಸೋಪು ಹಾಕ್ತಾರಾ? ಒಂದೊಂದಕ್ಕೂ ಅವನೇ ಉತ್ತರ ಕೊಡಬೇಕು, ಗೊತ್ತಿರುವುದು ಅವನಿಗೆ ಮಾತ್ರ.

ನಲಿಕಲಿ ಪದ್ಧತಿ ಹುಟ್ಟಿದ್ದೂ ಇದೇ ತಾಲ್ಲೂಕಿನಲ್ಲಿ. ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗ ನೋಡಿ ಬಂದ ಇಲ್ಲಿನ ಶಿಕ್ಷಕರು ಯುನಿಸೆಫ್ ನೆರವಿನಿಂದ 1995ರಲ್ಲಿ ಶುರುಮಾಡಿದರು. 2009–10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹೋಯಿತು. ‘ಮಕ್ಕಳು ಬರೀ ಆಟ ಆಡ್ತವೆ’ ಅನ್ನುವ ಅಪ್ಪ-ಅಮ್ಮಂದಿರು ಇದ್ದಾರೆ. ಮೂರು ತರಗತಿಗೆ ಒಬ್ಬರೇ ಇರುವಾಗ ದಾಖಲೆ ಬರೆಯುವುದರಲ್ಲೇ ಸುಸ್ತಾಗುವ ಶಿಕ್ಷಕರೂ ಇದ್ದಾರೆ. ಆ ಸುಸ್ತು ನಿಜ. ಅದಕ್ಕೆ ಇನ್ನೊಬ್ಬರು ಶಿಕ್ಷಕರನ್ನು ಕೊಡಬೇಕೇ ಹೊರತು ಮಕ್ಕಳನ್ನು ಮತ್ತೆ ಸಾಲಾಗಿ ಕೂರಿಸಿ ಬಾಯಿ ಮುಚ್ಚಿಸಬಾರದು.

ಹುಡುಗ ಸೀಮೆಸುಣ್ಣ ಹಿಡಿದು ಗೋಡೆಯ ಹತ್ತಿರ ಹೋಗಿದ್ದಾನೆ. ‘ಆನೆ’ ಬರೆಯಬೇಕಂತೆ. ಯಾವುದಾದ ಮೇಲೆ ಯಾವುದು ಎಂದು ತೋರಿಸುವ ಕಲಿಕಾ ಏಣಿಯಲ್ಲಿ ಆ ಅಕ್ಷರಗಳು ಇನ್ನೂ ಮೇಲಿವೆ. ‘ಅದು ನಿನಗಿನ್ನೂ ಬಂದಿಲ್ಲ ಕಣೋ’ ಎಂದು ರಿಬ್ಬನ್ನಿನ ಹುಡುಗಿ ಎಚ್ಚರಿಸಿದಳು. ‘ಬರೀಲಿ ಬಿಡು’ ಅಂದರು ಮೇಡಂ. ಅ ಬರೆದ. ಅವಳು ಬೆರಳಲ್ಲಿ ತೋರಿಸಿದ ಕಡೆ ಇನ್ನೊಂದು ಸುತ್ತು ಹಾಕಿದ. ಆ ಆಯಿತು. ಮುಂದೆ ಕೈ ಓಡಲಿಲ್ಲ.

‘ನೆ ಹೆಂಗೆ?’ ಎಂದು ಅವಳನ್ನು ಕೇಳಿದ.

‘ನ ಬರ್ದು ಎತ್ವ ಕೊಡು. ತಾಳು, ತೋರಿಸ್ತೀನಿ.’

ಅಷ್ಟರಲ್ಲಿ ಇನ್ನೊಂದು ತಟ್ಟೆಯವರು ‘ಮಿಸ್, ಇಲ್ಲಿ ಬನ್ನಿ’ ಎಂದು ಕೂಗಿದರು. ಮೇಡಂ ಸೆರಗು ಸಿಕ್ಕಿಸಿಕೊಂಡು ಅತ್ತ ಹೋದರು.