ಹನ್ನೆರಡು ಮಾತಿನ ಗಂಟು

ಇಂಗ್ಲಿಷಿನವರ 'ವ್ಯಾಲೆಟ್ಟಿ'ಗೆ ಕನ್ನಡದಲ್ಲಿ ಏನೆನ್ನಬೇಕು? ಕೈಚೀಲವೆಂದರೆ ಅದರೊಳಗೆ ಸೌತೇಕಾಯಿಯೂ ಬಂದು ಕೂರುತ್ತದೆ. ಸಂಚಿಯೆಂದರೆ ಎಲೆಯಡಿಕೆಯ ವಾಸನೆ. ಕ್ರಿಪ್ಟೊ ನಾಣ್ಯದ ವ್ಯವಹಾರದವರು ವ್ಯಾಲೆಟ್ ಎಂದು ಕರೆಯುವ ವಸ್ತುವಿಗಂತೂ ಇವು ಯಾವುವೂ ಒಗ್ಗುವುದಿಲ್ಲ. ಏಕೆಂದರೆ ಅದರೊಳಗೆ ಹಣವೇ ಇರುವುದಿಲ್ಲ. ಹಣದ ಲೆಕ್ಕವೆಲ್ಲ ಲೋಕಕ್ಕೇ ತೆರೆದಿಟ್ಟ ಒಂದು ಖಾತೆ ಪುಸ್ತಕದಲ್ಲಿರುತ್ತದೆ. ಸಾವಿರಾರು ಕಂಪ್ಯೂಟರುಗಳು ಅದರ ಪ್ರತಿಗಳನ್ನು ಇಟ್ಟುಕೊಂಡಿರುತ್ತವೆ. ಆ ಪುಸ್ತಕದಲ್ಲಿ ನಮ್ಮ ಪಾಲಿಗೆ ಬಂದದ್ದನ್ನು ಇನ್ನೊಬ್ಬರಿಗೆ ವರ್ಗಾಯಿಸುವ ಬೀಗದ ಕೈ ಮಾತ್ರ ಈ ಚೀಲದಲ್ಲಿರುವುದು. ಬೀಗದ ಕೈಯನ್ನು ಚೀಲವೆಂದು ಕರೆದ ಜನ ಮುಂದೆ ಇನ್ನೂ ಏನೇನನ್ನು ಏನೇನೆಂದು ಕರೆದಾರೋ ಎಂದು ನನಗೆ ಆಗಲೇ ಗುಮಾನಿ ಬಂದಿತು.

ಈ ವಿದ್ಯೆಯಲ್ಲಿ ನನಗೆ ಗುರು ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸ. ಉಳಿತಾಯದಲ್ಲಿ ಒಂದು ಪಾಲನ್ನು ಈ ನಾಣ್ಯಗಳಲ್ಲಿ ತೊಡಗಿಸಿದ್ದಾನೆ. ಮೊದಲು ಅವನೂ ಎಲ್ಲರಂತೆ ಅವನ್ನು ಒಂದು ವಿನಿಮಯ ಕಂಪೆನಿಯ ವಶದಲ್ಲೇ ಬಿಟ್ಟಿದ್ದ. 2024ರ ಜುಲೈಯಲ್ಲಿ ವಜೀರ್‌ಎಕ್ಸ್ ಎಂಬ ನಮ್ಮ ದೇಶದ ವಿನಿಮಯ ಕಂಪೆನಿಯಿಂದ 23 ಕೋಟಿ ಡಾಲರಿಗೂ ಮೇಲ್ಪಟ್ಟ ನಾಣ್ಯ ಕಳುವಾಗಿ, ಗಿರಾಕಿಗಳು ತಮ್ಮದನ್ನು ತಾವು ತೆಗೆದುಕೊಳ್ಳಲಾರದೆ ಕುಳಿತರಷ್ಟೆ. ಅಲ್ಲಿ ಇವನದು ಬಿಡಿಗಾಸೂ ಇರಲಿಲ್ಲ. ಆದರೂ ಸುದ್ದಿ ಓದಿ ಎಚ್ಚೆತ್ತು, ತನ್ನದನ್ನೆಲ್ಲ ಮೆಟಾಮಾಸ್ಕ್ ಎಂಬ ಸ್ವಂತ ಚೀಲಕ್ಕೆ ಸಾಗಿಸಿಕೊಂಡ. "ಇನ್ನು ಮೇಲೆ ನನ್ನ ಹಣಕ್ಕೆ ನಾನೇ ಬ್ಯಾಂಕು, ಮಾವ" ಎಂದ. ಬ್ಯಾಂಕಾಗುವುದು ಎಂದರೆ ರಾತ್ರಿ ಕಾವಲುಗಾರನೂ ತಾನೇ ಆಗುವುದು ಎಂದು ನಾನು ಹೇಳಲಿಲ್ಲ, ಅವನಿಗೆ ಗೊತ್ತಿತ್ತು.

ಚೀಲ ತೆರೆಯುವಾಗ ಅದು ಹನ್ನೆರಡು ಇಂಗ್ಲಿಷ್ ಪದಗಳನ್ನು ಸಾಲಾಗಿ ಕೊಡುತ್ತದೆ. 2013ರಲ್ಲಿ ರೂಪುಗೊಂಡ ಒಂದು ಪದ್ಧತಿಯ ಪ್ರಕಾರ 2048 ಪದಗಳ ಪಟ್ಟಿಯೊಂದಿದೆ. ಅದರಿಂದ ಆರಿಸಿದವು ಇವು. ಕಂಪ್ಯೂಟರು ಮುರಿದರೂ ಮುಳುಗಿದರೂ ಆ ಪದಗಳನ್ನು ಅದೇ ಕ್ರಮದಲ್ಲಿ ಬೇರೊಂದು ಯಂತ್ರಕ್ಕೆ ಹೇಳಿದರೆ ಹಣ ಮತ್ತೆ ಕೈಗೆ ಬರುತ್ತದೆ. ಬೇರೆ ಯಾರು ಹೇಳಿದರೂ ಅವರ ಕೈಗೂ ಬರುತ್ತದೆ! ಪಟ್ಟಿಯ ಮೊದಲ ಪದ 'ಅಬ್ಯಾಂಡನ್', ಕೊನೆಯದು 'ಝೂ'. ತೊರೆದುಹೋಗುವುದರಿಂದ ಹೊರಟು ಮೃಗಾಲಯದಲ್ಲಿ ಮುಗಿಯುತ್ತದೆ. ಜಪಾನಿಗೆ, ಕೊರಿಯನ್ನಿಗೆ, ಝೆಕ್ ಭಾಷೆಗೆ ಕೂಡ ಇಂಥ ಪಟ್ಟಿಗಳಿವೆಯಂತೆ. ಭಾರತದ ಯಾವ ಭಾಷೆಗೂ ಇಲ್ಲ. ತರಗತಿಯಲ್ಲಿ ಒಂದು ಪದಕ್ಕೆ ಎಷ್ಟು ಬೆಲೆಯೆಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಹನ್ನೆರಡು ಪದಕ್ಕೆ ಒಂದು ಸಂಸಾರದ ಉಳಿತಾಯದಷ್ಟು ಬೆಲೆಯೆಂದು ಕೇಳಿದ್ದು ಇದೇ ಮೊದಲು.

ಕಳೆದ ರಜೆಯಲ್ಲಿ ಅವನ ಮನೆಗೆ ಹೋಗಿದ್ದಾಗ, ಈ ಚೀಲವನ್ನು ಯೂನಿಸ್ವಾಪ್ ಎಂಬ ವಿನಿಮಯ ಕಟ್ಟೆಗೆ ಸೇರಿಸುವ ಬಗೆಯನ್ನು ತೋರಿಸಿದ. ಹೇಡನ್ ಆಡಮ್ಸ್ ಎಂಬ ತರುಣ 2018ರಲ್ಲಿ ಶುರುಮಾಡಿದ್ದು. ಅಲ್ಲಿ ಗುಮಾಸ್ತನಿಲ್ಲ, ದಲ್ಲಾಳಿಯಿಲ್ಲ. ಬಂದವರು ಎರಡೆರಡು ಬಗೆಯ ನಾಣ್ಯಗಳನ್ನು ಜೊತೆಗೂಡಿಸಿ ತುಂಬಿಟ್ಟ ಕೊಳಗಗಳಿವೆ. ಬೆಲೆಯನ್ನು ಒಂದು ಗುಣಾಕಾರ ಕಟ್ಟುತ್ತದೆ. ಕೊಳಗದಲ್ಲಿ 100 ಸೇರು ಎಳ್ಳು, 100 ಅಚ್ಚು ಬೆಲ್ಲ ಇವೆ ಎನ್ನಿ, ಗುಣಿಸಿದರೆ 10,000. ಆ ಗುಣಲಬ್ಧ ಇಳಿಯಕೂಡದು, ಅದೇ ಕಟ್ಟಳೆ. 20 ಸೇರು ಎಳ್ಳು ಬೇಕಾದವನು 25 ಅಚ್ಚು ಬೆಲ್ಲ ಹಾಕಬೇಕು: 80ನ್ನು 125ರಿಂದ ಗುಣಿಸಿ ನೋಡಿ. ಅವನ ಹಿಂದೆಯೇ ಬಂದು 30 ಸೇರು ಕೇಳಿದವನು 75 ಅಚ್ಚು ಸುರಿಯಬೇಕು. ಕೊಳಗದ ಒಡೆಯರಿಗೆ ಸಲ್ಲುವ ಸಣ್ಣ ಶುಲ್ಕ ಬೇರೆ. ಆಸೆ ಹೆಚ್ಚಿದಂತೆ ಬೆಲೆ ಏರುವುದನ್ನು ಇಷ್ಟು ಅಚ್ಚುಕಟ್ಟಾಗಿ ಯಾವ ಸೆಟ್ಟರೂ ನನಗೆ ತಿಳಿಸಿರಲಿಲ್ಲ. (ನಾಣ್ಯಕ್ಕೆ ನಾಣ್ಯ ಬದಲಾಯಿಸಿದರೂ ಲಾಭದ ಮೇಲೆ 2022ರ ಏಪ್ರಿಲ್‌ನಿಂದ ನಮ್ಮಲ್ಲಿ ಶೇಕಡ 30 ತೆರಿಗೆಯುಂಟು, ಅದು ಗುಣಾಕಾರಕ್ಕೆ ಗೊತ್ತಿಲ್ಲ.)

ಪುಟದ ಮೂಲೆಯಲ್ಲಿ 'ಕನೆಕ್ಟ್' ಎಂದಿತ್ತು. ಒತ್ತಿದ. ಚೀಲದ ನರಿ ಮುಖ ಕಾಣಿಸಿಕೊಂಡು, ಯಾವ ಖಾತೆಯನ್ನು ತೋರಿಸಲಿ ಎಂದು ಕೇಳಿತು. ನನಗೆ ಎದೆ ಹೊಡೆದುಕೊಂಡಿತು. "ಇದರಲ್ಲಿ ಏನೂ ಹೋಗುವುದಿಲ್ಲ ಮಾವ. ವಿಳಾಸ ಹೇಳಿದಂತೆ, ಅಷ್ಟೆ" ಎಂದ. ನಿಜ. ಕನೆಕ್ಟ್ ಎಂಬುದು ಹೆಸರಿಗೆ ಕೂಡಿಕೆ, ನಡೆಯುವುದು ಪರಿಚಯ. ಆ ತಾಣ ನಮ್ಮ ಖಾತೆಯಲ್ಲಿ ಏನಿದೆಯೆಂದು ನೋಡಬಹುದು, ರುಜು ಹಾಕಿರೆಂದು ಕಾಗದಗಳನ್ನು ಮುಂದೆ ಹಿಡಿಯಬಹುದು. ತಾನಾಗಿ ಏನನ್ನೂ ಎತ್ತಲಾರದು.

ಭಾರವಾದ ಮಾತು ಆಮೇಲೆ ಬರುತ್ತದೆ, ಅದೂ ಬಹಳ ಹಗುರವಾದ ದನಿಯಲ್ಲಿ: 'ಅಪ್ರೂವ್'. ಇಥೀರಿಯಮ್ ಜಾಲದ ಮೂಲ ನಾಣ್ಯವಾದ ಈಥರಿಗೆ ಇದು ಬೇಕಿಲ್ಲ. ಆದರೆ ಅದರ ಮೇಲೆ ಹುಟ್ಟಿದ ಬೇರೆ ನಾಣ್ಯಗಳನ್ನು ವಿನಿಮಯಕ್ಕೆ ಕೊಡಬೇಕಾದರೆ, 'ನನ್ನ ಖಾತೆಯಿಂದ ಇಷ್ಟರ ತನಕ ನೀನೇ ತೆಗೆದುಕೊಳ್ಳಬಹುದು' ಎಂದು ಆ ಕಟ್ಟೆಯ ಕ್ರಮವಿಧಿಗೆ ಮೊದಲೇ ಅಧಿಕಾರ ಬರೆದುಕೊಡಬೇಕು. ಇಷ್ಟು ಎಂದರೆ ಎಷ್ಟು? ಎಷ್ಟೋ ತಾಣಗಳು ಮಿತಿಯಿಲ್ಲದಷ್ಟು ಎಂದೇ ಬರೆದು ಮುಂದಿಡುತ್ತವೆ.

"ನೀನು ಬದಲಾಯಿಸುವುದು ಎಷ್ಟಯ್ಯ?" ಎಂದೆ.

"ನೂರು ಡಾಲರಿನಷ್ಟು."

"ಹಾಗಾದರೆ ನೂರು ಎಂದೇ ಬರೆ."

"ಬರೆಯಬಹುದು ಮಾವ, ಮಿತಿ ತಿದ್ದುವುದಕ್ಕೆ ಚೀಲದಲ್ಲೇ ಜಾಗ ಇದೆ. ಆದರೆ ಪ್ರತಿ ಸಲವೂ ಹೊಸ ಅನುಮತಿ ಕೊಡಬೇಕು, ಪ್ರತಿ ಸಲವೂ ಗ್ಯಾಸ್ ತೆರಬೇಕು." ಗ್ಯಾಸ್ ಎಂದರೆ ಆ ಖಾತೆ ಪುಸ್ತಕದಲ್ಲಿ ಒಂದು ಸಾಲು ಬರೆಸುವ ಕೂಲಿ.

ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಗದ್ದೆ ಕಳೆದುಕೊಂಡವರ ಕತೆ ನಮ್ಮೂರಿನಲ್ಲಿ ಓಣಿಗೊಂದಿತ್ತು. ಅವರಿಗೆ ಓದು ಬರುತ್ತಿರಲಿಲ್ಲ. ಇಲ್ಲಿ ಇಂಜಿನಿಯರು ಓದಿದವನು, ಕೂಲಿ ಉಳಿಯಲಿ ಎಂದು, ಅದೇ ಕಾಗದಕ್ಕೆ ಒತ್ತುತ್ತಾನೆ. 2021ರ ಡಿಸೆಂಬರಿನಲ್ಲಿ ಬ್ಯಾಜರ್ ಡಾವೊ ಎಂಬ ಸಂಸ್ಥೆಯ ಪುಟದೊಳಗೆ ಕಳ್ಳರು ನುಸುಳಿಸಿದ್ದ ಕೆಲವು ಸಾಲುಗಳು ಬೆಳಕಿಗೆ ಬಂದವು. ತಾಣ ಅದೇ, ಮುಖ ಅದೇ. ಬಂದವರಿಂದ ಒಂದು ಹೆಚ್ಚಿನ ಅನುಮತಿಯನ್ನು ಮಾತ್ರ ಅವು ಮೆಲ್ಲನೆ ಪಡೆಯುತ್ತಿದ್ದುವು. ಅನುಮತಿಗಳು ಸಾಕಷ್ಟು ಕೂಡಿದ ಮೇಲೆ ಸುಮಾರು 12 ಕೋಟಿ ಡಾಲರು ಹೋಯಿತು. ಯಾರ ಹನ್ನೆರಡು ಪದವೂ ಕಳುವಾಗಿರಲಿಲ್ಲ. ವಜೀರ್‌ಎಕ್ಸಿನಲ್ಲೂ ಅಷ್ಟೆ: ಪರದೆಯ ಮೇಲೆ ಕಂಡದ್ದೊಂದು, ರುಜು ಬಿದ್ದದ್ದು ಇನ್ನೊಂದಕ್ಕೆ ಎಂದು ಅವರೇ ಆಗ ಹೇಳಿದರು.

ಕೆಲಸ ಮುಗಿಸಿ ಅವನು 'ಡಿಸ್‌ಕನೆಕ್ಟ್' ಒತ್ತಿ ಕೈ ಒರೆಸಿಕೊಂಡ. ಆ ಮಾತಿನಷ್ಟು ಮೋಸದ ಮಾತನ್ನು ನಾನು ಕಂಡಿಲ್ಲ. ಅದರಿಂದ ಕಡಿದುಹೋಗುವುದು ಪರಿಚಯ. ಬರೆದುಕೊಟ್ಟ ಅಧಿಕಾರ ಖಾತೆ ಪುಸ್ತಕದಲ್ಲಿ ಹಾಗೆಯೇ ಕುಳಿತಿರುತ್ತದೆ. ಅದನ್ನು ರದ್ದು ಮಾಡಿಸಬೇಕಾದರೆ ಮತ್ತೊಂದು ಸಾಲು ಬರೆಸಬೇಕು, ಮತ್ತೆ ಕೂಲಿ. ಒಮ್ಮೆ ನೋಡೇ ಬಿಡು ಎಂದು ಹಟ ಹಿಡಿದೆ. ನೋಡಿದ. ಐದು ಹಳೆಯ ಅನುಮತಿಗಳು ಜೀವಂತವಾಗಿದ್ದುವು. ಎರಡು ಯಾರಿಗೆ ಕೊಟ್ಟದ್ದೆಂದು ಅವನಿಗೇ ನೆನಪಿರಲಿಲ್ಲ. ಮಾತಿಲ್ಲದೆ ಒಂದೊಂದಾಗಿ ರದ್ದು ಮಾಡತೊಡಗಿದ.

"ಬ್ಯಾಂಕಿನಲ್ಲಾದರೆ ನಾಮಿನಿ ಎಂದು ಕೇಳುತ್ತಾರೆ. ಇದಕ್ಕೆ ಯಾರು?" ಎಂದೆ.

"ಯಾರೂ ಇಲ್ಲ ಮಾವ. ಆ ಕಾಗದ ಸಿಕ್ಕವರೇ. ಸಿಗದಿದ್ದರೆ ಯಾರಿಗೂ ಇಲ್ಲ. ಎಲ್ಲಿಟ್ಟಿದ್ದೇನೆ ಎಂದು ನಿಮಗೆ ಹೇಳಿಬಿಡಲೆ?"

"ನನಗೆ ಬೇಡ. ನಿನ್ನ ಹೆಂಡತಿಗೆ ಹೇಳಿದ್ದೀಯಲ್ಲ?"

ಅವನು ನಾಲ್ಕನೆಯದನ್ನು ರದ್ದು ಮಾಡುತ್ತಿದ್ದವನು ಕೈ ತಡೆದ. "ಅವಳಿಗೆ ಈ ಚೀಲ ಇರುವುದೇ ಗೊತ್ತಿಲ್ಲ" ಎಂದ. ಒಳಗೆ ಅವಳು ನಮಗೆ ಕಾಫಿ ಬೆರೆಸುತ್ತಿದ್ದಳು.