‘ಪುಟ್’ ಎಂಬ ಪುಟ್ಟ ಕ್ರಿಯಾಪದ

ಇಂಗ್ಲಿಷನ್ನು ಪುಸ್ತಕದಿಂದ ಕಲಿತವನಿಗೆ ದೊಡ್ಡ ಶಬ್ದಗಳ ಭಯವಿಲ್ಲ. ಅವನನ್ನು ಕಂಗೆಡಿಸುವುವು ಚಿಕ್ಕ ಶಬ್ದಗಳು. ‘ಎಕ್ಸ್‌ಟಿಂಗ್ವಿಷ್’, ‘ಪೋಸ್ಟ್‌ಪೋನ್’, ‘ಟಾಲರೇಟ್’ ಮೊದಲಾದ ಗಂಭೀರ ಪದಗಳು ಸಭೆಯ ಹಿರಿಯರಿದ್ದಂತೆ. ಒಮ್ಮೆ ಪರಿಚಯವಾಯಿತೆಂದರೆ ಕಂಡಲ್ಲೆಲ್ಲ ಅದೇ ಮುಖ, ಅದೇ ರುಮಾಲು. ಆದರೆ ‘ಪುಟ್’ ಎಂಬ ಮೂರಕ್ಷರದ ಕ್ರಿಯಾಪದದ ಸ್ವಭಾವ ಬೇರೆ. ಅದು ಹಗಲುವೇಷದವನಿದ್ದಂತೆ, ಬೆನ್ನ ಹಿಂದೆ ಬಂದು ನಿಂತವರನ್ನು ನೋಡಿ ವೇಷವನ್ನು ಬದಲಾಯಿಸುತ್ತದೆ.

‘ಪುಟ್’ ಎಂದರೆ ‘ಇಡು’ ಎಂದು ಮೊದಲ ಪಾಠದಲ್ಲಿ ಕಲಿತ ಬಾಲಕನ ನೆಮ್ಮದಿ ಬಹುಕಾಲ ಉಳಿಯುವುದಿಲ್ಲ. ‘ಆನ್’ ಜೊತೆಗೂಡಿದರೆ ಅದು ಅಂಗಿಯನ್ನು ತೊಡುತ್ತದೆ. ‘ಆಫ್’ ಕೂಡಿದರೆ ಮದುವೆಯ ಮುಹೂರ್ತವನ್ನು ಮುಂದಕ್ಕೆ ತಳ್ಳುತ್ತದೆ. ‘ಔಟ್’ ಬಂದರೆ ಬೆಂಕಿಯನ್ನು ಆರಿಸುತ್ತದೆ. ‘ಅಪ್’ ಬಂತೋ, ಗೋಡೆಯನ್ನು ಎಬ್ಬಿಸುತ್ತದೆ, ಇಲ್ಲವೆ ಅತಿಥಿಗೆ ಇರುಳು ತಂಗಲು ಹಾಸಿಗೆ ಹಾಸಿಕೊಡುತ್ತದೆ. ಆ ‘ಅಪ್’ನ ಹಿಂದೆಯೇ ‘ವಿತ್’ ಸಹ ಸೇರಿತೆಂದರೆ, ಅದೇ ಅತಿಥಿ ಹದಿನೈದು ದಿನ ಕಳೆದರೂ ಹೊರಡುವ ಮಾತನ್ನೆತ್ತದಿರುವುದನ್ನು ಸಹಿಸಿಕೊಳ್ಳುತ್ತದೆ! ‘ಡೌನ್’ನ ಸಹವಾಸವಂತೂ ಇನ್ನೂ ವಿಚಿತ್ರ. ಕಾಗದದ ಮೇಲೆ ಬರೆದಿಡುವುದಕ್ಕೂ ಅದೇ ಮಾತು, ದಂಗೆಯನ್ನು ಅಡಗಿಸುವುದಕ್ಕೂ ಅದೇ ಮಾತು, ಗುಣವಾಗದ ಬೇನೆಯಿಂದ ನರಳುವ ಮುದಿ ನಾಯಿಗೆ ನೋವಿಲ್ಲದ ಮರಣವನ್ನು ಕೊಡಿಸುವುದಕ್ಕೂ ಅದೇ ಮಾತು. ಹೇಳುವವರ ಕಣ್ಣು ಒದ್ದೆಯಾಗಿರುವುದನ್ನು ಗಮನಿಸದೆ ಕೇಳುಗನು ನಕ್ಕುಬಿಟ್ಟರೆ ಆಗುವ ಅನರ್ಥವನ್ನು ಊಹಿಸಬಹುದು.

ಅರ್ಥ ತಿಳಿದ ಮಾತ್ರಕ್ಕೆ ಕಷ್ಟ ತೀರಿತೆ? ಇಲ್ಲ, ಈ ಜೋಡಿಗಳು ಕುಳಿತುಕೊಳ್ಳುವ ಪಂಕ್ತಿಗೂ ಒಂದು ನೇಮವಿದೆ. ‘ಪುಟ್ ಆನ್ ದಿ ಕೋಟ್’ ಎನ್ನಬಹುದು, ‘ಪುಟ್ ದಿ ಕೋಟ್ ಆನ್’ ಎಂದೂ ಎನ್ನಬಹುದು. ಕೋಟಿನ ಬದಲಿಗೆ ‘ಇಟ್’ ಎಂಬ ಸರ್ವನಾಮ ಬಂದರೆ ಮಾತ್ರ ಅದು ನಡುವೆಯೇ ಕೂಡಬೇಕು: ‘ಪುಟ್ ಇಟ್ ಆನ್’. ಕೊನೆಗೆ ಕೂಡಿತೋ, ಕೋಟನ್ನು ತೊಡುವ ಮಾತು ಹೋಗಿ, ಯಾವುದರ ಮೇಲೋ ಏನನ್ನೋ ಇಡುವ ಮಾತಾಗುತ್ತದೆ. ಇಂಗ್ಲೆಂಡಿನ ಮೂರು ವರ್ಷದ ಮಗು ಈ ನೇಮವನ್ನು ಎಂದೂ ತಪ್ಪುವುದಿಲ್ಲ. ಅದಕ್ಕೆ ಯಾರೂ ಅದನ್ನು ಕಲಿಸಿರುವುದೂ ಇಲ್ಲ.

ಈ ತೊಡಕನ್ನು ಇಂಗ್ಲಿಷರು ಅರಿಯದವರಲ್ಲ. 1755 ರಲ್ಲಿ ಹೊರಬಂದ ತನ್ನ ಮಹಾನಿಘಂಟಿನ ಪೀಠಿಕೆಯಲ್ಲಿ ಡಾಕ್ಟರ್ ಸ್ಯಾಮ್ಯುಯಲ್ ಜಾನ್ಸನ್, ಕ್ರಿಯಾಪದದ ಹಿಂದೆ ಪುಟ್ಟ ಪದವೊಂದನ್ನು ಹಚ್ಚಿ ಅರ್ಥವನ್ನೇ ಮಾರ್ಪಡಿಸುವ ಈ ರೀತಿ ಪರದೇಶಿಗಳಿಗೆ ಅತ್ಯಂತ ಕಠಿನವಾದುದೆಂದು ಒಪ್ಪಿ, ಅಂಥವನ್ನು ಶ್ರಮಪಟ್ಟು ಸಂಗ್ರಹಿಸಿರುವುದಾಗಿ ತಿಳಿಸಿದ್ದಾನೆ. ಲ್ಯಾಟಿನ್ ಮೂಲದ ಭಾರವಾದ ಶಬ್ದಗಳಿಗೆ ಹೆಸರಾದವನೇ ಈ ಬಡ ಜೋಡಿಗಳ ಮೇಲೆ ಕನಿಕರ ತೋರಿದುದು ಸೋಜಿಗವಲ್ಲವೆ? ಅವಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ರೂಢಿಗೆ ಬಂದುದಾದರೋ ಬಹಳ ತಡವಾಗಿ. 1925 ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ತನ್ನ ಗ್ರಂಥವೊಂದರಲ್ಲಿ ಅದನ್ನು ಬಳಸಿದ ಮೇಲೆ. ಆಕ್ಸ್‌ಫರ್ಡ್ ಮಹಾನಿಘಂಟಿನಲ್ಲಿ ದೀರ್ಘಕಾಲ ಎಲ್ಲಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸಿದ್ದ ಪದ ‘ಸೆಟ್’. ನಿಘಂಟಿನ ಪರಿಷ್ಕರಣ ನಡೆದಂತೆ 2007 ರಲ್ಲಿ ಆ ಪಟ್ಟ ‘ಪುಟ್’ಗೆ ದೊರೆಯಿತು, 2011 ರಲ್ಲಿ 645 ಅರ್ಥಗಳೊಡನೆ ‘ರನ್’ ಅದನ್ನು ಕಸಿದುಕೊಂಡಿತು. ವಿದ್ವತ್ತಿನ ಭಾರೀ ಶಬ್ದ ಒಂದೂ ಈ ಪಂದ್ಯದಲ್ಲಿ ಹತ್ತಿರ ಸುಳಿಯಲಿಲ್ಲ.

ಇದಕ್ಕೆ ಕಾರಣ ಆ ಭಾಷೆಯ ಇತಿಹಾಸದಲ್ಲಿದೆ. 1066 ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಗೂ ನ್ಯಾಯಸ್ಥಾನಕ್ಕೂ ಫ್ರೆಂಚ್ ಬಂದಿತು. ಮಠಕ್ಕೂ ಪಾಠಶಾಲೆಗೂ ಲ್ಯಾಟಿನ್ ಇದ್ದೇ ಇದ್ದಿತು. ಅಡಿಗೆಮನೆ ಮತ್ತು ಹೊಲ ಮಾತ್ರ ಹಳೆಯ ನಾಡನುಡಿಗೆ ಉಳಿದುವು. ದೊಡ್ಡ ಶಬ್ದಗಳು ಮೇಲಿನಿಂದ ಇಳಿದು ಬಂದುವು. ಚಿಕ್ಕವು ಒಲೆಯ ಬಳಿಯಲ್ಲಿ ಒಂದನ್ನೊಂದು ಕೂಡಿಕೊಂಡು ಹೊಸ ಸಂಸಾರಗಳನ್ನು ಹೂಡಿದುವು. ಬಡತನದಲ್ಲಿ ಬೆಳೆದುವೆಂದು ಅವಕ್ಕೆ ಘನತೆಯಿಲ್ಲವೆಂದಲ್ಲ. ಶೇಕ್ಸ್‌ಪಿಯರನ ಒಥೆಲೊ ಕೊನೆಯ ಅಂಕದಲ್ಲಿ ನಿದ್ರಿಸುತ್ತಿರುವ ಮಡದಿಯ ಬಳಿಗೆ ದೀಪವನ್ನು ಹಿಡಿದು ಬರುವಾಗ, ದೀಪವನ್ನಾರಿಸುವುದಕ್ಕೂ ಪ್ರಾಣವನ್ನಾರಿಸುವುದಕ್ಕೂ ಕವಿಗೆ ಒದಗಿದುದು ಮನೆಮಂದಿಯ ಈ ‘ಪುಟ್ ಔಟ್’ ಎಂಬ ಮಾತೇ.

ಈ ಸಣ್ಣ ಪದಗಳ ಬಲವನ್ನು ಕಂಡು ಸಿ. ಕೆ. ಆಗ್ಡನ್ ಎಂಬ ವಿದ್ವಾಂಸ ಒಂದು ಸಾಹಸವನ್ನೇ ಕೈಗೊಂಡ. 1930 ರಲ್ಲಿ ಆತ ಪ್ರಕಟಿಸಿದ ‘ಬೇಸಿಕ್ ಇಂಗ್ಲಿಷ್’ನಲ್ಲಿ ಒಟ್ಟು ಪದಗಳು 850, ಕ್ರಿಯಾಪದಗಳು ಬರಿಯ ಹದಿನೆಂಟು. ‘ಪುಟ್’ ಅವುಗಳಲ್ಲೊಂದು. 1943 ರಲ್ಲಿ ಹಾರ್ವರ್ಡಿನಲ್ಲಿ ಭಾಷಣ ಮಾಡಿದ ಚರ್ಚಿಲ್ ಈ ಯೋಜನೆಯನ್ನು ಹೊಗಳಿದ. 1946 ರಲ್ಲಿ ಬ್ರಿಟಿಷ್ ಸರಕಾರ 23,000 ಪೌಂಡುಗಳನ್ನು ಕೊಟ್ಟು ಅದರ ಹಕ್ಕನ್ನು ಪಡೆಯಿತು. ಆದರೂ ಜಗತ್ತು ಅದನ್ನು ಕಲಿಯಲಿಲ್ಲ. ಟೀಕಾಕಾರರು ಎತ್ತಿದ ಆಕ್ಷೇಪಗಳಲ್ಲಿ ಒಂದು ಬಹಳ ಸರಳ: ಪದಗಳನ್ನು ಎಣಿಸಿದ್ದಾಯಿತು, ಅವುಗಳ ಕೂಟಗಳನ್ನು ಎಣಿಸಿದವರಾರು? ‘ಪೋಸ್ಟ್‌ಪೋನ್’ ಒಂದನ್ನು ಉರು ಹೊಡೆಯುವುದು ಸುಲಭವೋ, ‘ಪುಟ್’ ಮತ್ತು ‘ಆಫ್’ ಕೂಡಿದಾಗ ಕಾಲ ಏಕೆ ಮುಂದಕ್ಕೆ ಸರಿಯುತ್ತದೆಂಬುದನ್ನು ಅರಿಯುವುದು ಸುಲಭವೋ?

ಪರೀಕ್ಷೆಯಲ್ಲಿ ಮೇಲಾದ ತರಗತಿಯನ್ನು ಪಡೆದು ಲಂಡನ್ನಿಗೆ ಹೋದ ಕನ್ನಡದ ತರುಣನ ಪಾಡು ಇದೇ. ಉಪನ್ಯಾಸಗಳೆಲ್ಲ ಅವನಿಗೆ ತಿಳಿಯುತ್ತವೆ. ಆದರೆ ಮನೆಯೊಡತಿ ಬಾಗಿಲಲ್ಲಿ ನಿಂತು, ‘ಐ ಹೋಪ್ ಐ ಆಮ್ ನಾಟ್ ಪುಟಿಂಗ್ ಯೂ ಔಟ್’ ಎಂದರೆ, ತನ್ನನ್ನು ಹೊರಹಾಕುವ ಪ್ರಸ್ತಾಪವೆಂದು ಎದೆ ಝಲ್ಲೆನ್ನುತ್ತದೆ. ಪಾಪ, ಆಕೆ ಕೇಳಿದುದು ‘ನಿಮಗೆ ತೊಂದರೆಯಾಗಲಿಲ್ಲವಷ್ಟೆ?’ ಎಂದು. ಊಟದ ಮೇಜಿನಲ್ಲಿ ಎಲ್ಲರೂ ನಕ್ಕ ಒಂದು ಗಳಿಗೆಯ ಮೇಲೆ ಅವನೂ ನಗುತ್ತಾನೆ. ಕೆಲವು ದಿನಗಳಾದ ಮೇಲೆ ಆ ನಗೆಯನ್ನೂ ಬಿಟ್ಟು ಸುಮ್ಮನಾಗುತ್ತಾನೆ. ಸುತ್ತಲಿನವರು ಅವನನ್ನು ಬಿಗುಮಾನದವನೆಂದು ತಿಳಿಯುತ್ತಾರೆ. ಒಂದು ಭಾಷೆಯ ಸಭಾಮಂಟಪದಲ್ಲಿ ಮನ್ನಣೆ ಪಡೆದೂ ಅದರ ಅಡಿಗೆಮನೆಗೆ ಪ್ರವೇಶವಿಲ್ಲದವನ ಒಂಟಿತನ ಅದು.

ಹಾಗೆಂದು ಈ ಮಾಯೆ ಭಾರತೀಯನಿಗೆ ಹೊಸದಲ್ಲ. ಸಂಸ್ಕೃತದಲ್ಲಿ ‘ಹೃ’ ಎಂಬ ಒಂದೇ ಧಾತು ಉಪಸರ್ಗದ ಬಲದಿಂದ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರಗಳನ್ನು ಹಡೆದಿದೆ. ಅಲ್ಲಿ ಪುಟ್ಟ ಪದ ಮುಂದೆ ನಿಲ್ಲುತ್ತದೆ. ವೇದದ ಭಾಷೆಯಲ್ಲಾದರೋ ಅದು ಧಾತುವಿನಿಂದ ದೂರ ಸರಿದೂ ನಿಲ್ಲಬಲ್ಲುದಾಗಿತ್ತು. ಕನ್ನಡದ ಮಾರ್ಗ ಮತ್ತೊಂದು. ಇಲ್ಲಿ ಕ್ರಿಯಾಪದ ಕೂಡುವುದು ಇನ್ನೊಂದು ಕ್ರಿಯಾಪದದೊಡನೆ. ಇಂಗ್ಲಿಷಿನ ‘ಪುಟ್ ಡೌನ್’ ಕನ್ನಡದಲ್ಲಿ ‘ಬರೆದಿಡು’, ‘ಪುಟ್ ಬೈ’ ಎಂದರೆ ‘ಕೂಡಿಡು’, ‘ಪುಟ್ ಅವೇ’ ಎಂದರೆ ‘ಎತ್ತಿಡು’. ಮೊದಲ ಪಾಠದ ಆ ‘ಇಡು’ವೇ ಎಲ್ಲ ಕಡೆಯೂ! ಇನ್ನು ‘ಪುಟ್ ಆಫ್’ ಎಂಬುದು ‘ಮುಂದಕ್ಕೆ ಹಾಕು’ ಅಲ್ಲದೆ ಬೇರೆ ಏನು?

ಕನ್ನಡದ ಈ ಜೋಡಿಗಳಿಗೆ ಇರುವ ಸೂಕ್ಷ್ಮ ಅಷ್ಟಿಷ್ಟಲ್ಲ. ‘ಮುದುಕ ಮನೆಯನ್ನು ಮಗನಿಗೆ ಬರೆದುಕೊಟ್ಟ’ ಎಂಬಲ್ಲಿ ವಾತ್ಸಲ್ಯವಿದೆ. ‘ಮಗ ಮನೆಯನ್ನು ಬರೆಸಿಕೊಂಡ’ ಎಂದೊಡನೆ ಸಂಶಯ ತಲೆಯೆತ್ತುತ್ತದೆ. ‘ಬರೆದುಕೊಟ್ಟುಬಿಟ್ಟ’ ಎಂದು ನೆರೆಮನೆಯಾಕೆ ಅಂದರೆ, ಆ ‘ಬಿಟ್ಟ’ ಎಂಬಲ್ಲಿ ಇಡೀ ಸಂಸಾರದ ನಿಟ್ಟುಸಿರು ಅಡಗಿರುತ್ತದೆ. ಪತ್ರದಲ್ಲಿ ನಡೆದುದು ಒಂದೇ ಕ್ರಿಯೆ. ಅದರ ನ್ಯಾಯಾನ್ಯಾಯಗಳನ್ನು ತೂಗಿದುದು ಒಂದು ಸಹಾಯಕ ಕ್ರಿಯಾಪದ.

ಇಂದಿನ ನಗರಗಳ ಎಷ್ಟೋ ಮನೆಗಳಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳು ‘ಪುಟ್ ಇಟ್ ಆನ್’ ಎಂಬುದನ್ನು ನೇಮ ತಪ್ಪದೆ ಆಡುತ್ತಾರೆ, ಅದು ಸಂತೋಷವೇ. ಆದರೆ ಅಜ್ಜಿ ‘ಅವನು ಹೋಗಿಬಿಟ್ಟ’ ಎಂದಾಗ, ಹೋದವನು ಊರಿಗೆ ಹೋದನೋ, ಜಗತ್ತನ್ನೇ ಬಿಟ್ಟುಹೋದನೋ ತಿಳಿಯದೆ ಮೊಮ್ಮಗ ಮುಖ ನೋಡುತ್ತಾನೆ. ಲಂಡನ್ನಿನ ತರುಣನ ಮೌನ ಇಲ್ಲಿ ತನ್ನ ಮನೆಯ ನಡುವೆಯೇ ಕುಳಿತಿದೆ. ದೊಡ್ಡ ಶಬ್ದಗಳನ್ನು ಶಾಲೆ ಎಂದಾದರೂ ಕಲಿಸೀತು. ಈ ಸಣ್ಣವು ಬರುವುದು ಅಡಿಗೆ ಬಡಿಸುವಾಗಲೂ ಗದರುವಾಗಲೂ ತಲೆ ಬಾಚುವಾಗಲೂ ಕಿವಿಗೆ ಬಿದ್ದರೆ ಮಾತ್ರ. ಅವನ್ನು ಕಲಿಸುವ ಕೆಲಸ ಮುಂದಕ್ಕೆ ಹಾಕುವಂಥದಲ್ಲ. ಮುಂದಕ್ಕೆ ಹಾಕಿದರೆ ಕಲಿಸಬಲ್ಲ ಅಜ್ಜಿ ಇರುವುದಿಲ್ಲ.