ನೇತ್ರಾಣಿಯ ನೀರು

ಮೊನ್ನೆ ಭಾನುವಾರ ಸಾಗರದಿಂದ ನಾಲ್ಕು ಜನ ಗೆಳೆಯರು ಮುರ್ಡೇಶ್ವರಕ್ಕೆ ಹೋಗಿ, ಬೋಟ್ ಹತ್ತಿ, ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡಿ ಬಂದ್ವಿ. ಹವಳ, ಬಣ್ಣದ ಮೀನು ಎಲ್ಲಾ ಚಂದ. ನಾನು ಹೇಳಬೇಕಿರೋದು ಬೇರೆ.

ನೂರಾರು ಜನ ಬಾಯಲ್ಲಿ ಕಚ್ಚಿದ ರೆಗ್ಯುಲೇಟರನ್ನೇ ತೊಳೆದು ಮುಂದಿನವರಿಗೆ ಕೊಡ್ತಾರೆ. ಯಾರೂ ಜಾತಿ ಕೇಳಲ್ಲ. ಒಬ್ಬರ ಗಾಳಿ ಮುಗಿದ್ರೆ ಪಕ್ಕದವರ ಸಿಲಿಂಡರಿಂದಲೇ ಉಸಿರಾಡಲಿ ಅಂತ ಇನ್ನೊಂದು ಬಾಯಿಕೊಳವೆ ಇಟ್ಟಿರ್ತಾರೆ.

ನಮ್ಮಪ್ಪ ಒಡೆಯರ ಮನೆ ಅಂಗಳದಲ್ಲಿ ತೆಂಗಿನ ಚಿಪ್ಪಲ್ಲಿ ಕಾಫಿ ಕುಡಿದವರು. 1927ರ ಮಾರ್ಚ್ 20ಕ್ಕೆ ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆ ನೀರು ಕುಡಿದಾಗ ಸವರ್ಣರು ಗಂಜಲ, ಸಗಣಿ ಹಾಕಿ ಕೆರೆ ‘ಶುದ್ಧ’ ಮಾಡಿದ್ರು. ಈ ಸಮುದ್ರಾನ ಎಷ್ಟು ಕೊಡ ಗಂಜಲದಲ್ಲಿ ಶುದ್ಧ ಮಾಡ್ತಾರೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಎಲ್ಲೇ ಬೇರೆ ಲೋಟ ಇಟ್ಟಿದ್ದು ಕಂಡ್ರೂ ಹೇಳಿ. 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಒಟ್ಟಿಗೆ ಹೋಗಿ ದೂರು ಕೊಡೋಣ.

ಜೈಭೀಮ್.